ನೆಂಟರ ಬಿಂದಿಗೆ

ನೀರಿನ ವಿಷಯದಲ್ಲಿ ನನಗಿಂತ ತಿಳಿದವರು ನಮ್ಮ ಮನೆತನದಲ್ಲೇ ಇಲ್ಲ ಎಂಬ ಜಂಬ ನನಗಿತ್ತು. ಹಿಂದೂಪುರದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನದ ಪಾಠ ಹೇಳುವವಳು ನಾನು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲಿಗೆ ಕಂದು ಕಲೆ ಬರುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿದುಕೊಳ್ಳುತ್ತವೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಮಕ್ಕಳು ಮರೆಯದಿರಲಿ ಎಂದು ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಅಂಥ ನಾನೇ ನನ್ನ ಒಡಹುಟ್ಟಿದ ಅಕ್ಕನ ಕುತ್ತಿಗೆ ಬಿಗಿಯುವುದನ್ನು ನಾಲ್ಕು ವರ್ಷ ಸುಮ್ಮನೆ ನೋಡುತ್ತಿದ್ದೆ.

ಅಕ್ಕ ಇರುವುದು ಕಲ್ಯಾಣದುರ್ಗದಲ್ಲಿ, ಊರಾಚೆಯ ಹೊಸ ಬಡಾವಣೆಯಲ್ಲಿ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಅಮ್ಮ ಬೇಗ ತೀರಿಕೊಂಡಿದ್ದರಿಂದ ನನಗೆ ಜಡೆ ಹೆಣೆದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ಹೊಲಿಗೆ ಮೆಷೀನಿನ ಪಕ್ಕ ಚಾಪೆ ಹಾಸಿ ಓದಿಸಿದವಳು ಅವಳೇ. ಅವಳಿಗೆ ಮಕ್ಕಳಾಗಲಿಲ್ಲ. ಭಾವ ಕುಂದುರ್ಪಿ ಕಡೆಯ ಬಸ್ಸಿನ ಡ್ರೈವರು. ಬೆಳಗ್ಗೆ ಹೊರಟರೆ ಊಟ, ನೀರು ಎಲ್ಲಾ ಹೊರಗೇ. ಅಕ್ಕ ಮಾತ್ರ ದಿನವಿಡೀ ಮನೆಯಲ್ಲಿ, ಕಿಟಕಿಯ ಪಕ್ಕದ ಮೆಷೀನಿನ ಮುಂದೆ. ಬೀದಿಯ ಅರ್ಧ ಹೆಂಗಸರು ತೊಡುವುದು ಅವಳು ಹೊಲಿದ ರವಿಕೆ.

ಮೊದಲು ಅವಳ ಸೊಂಟ ಹಿಡಿಯಿತು. "ಮೆಷೀನು ತುಳ್ದೂ ತುಳ್ದೂ ಹಿಂಗಾಗೈತೆ ಕಣಮ್ಮ, ಬಿಡು" ಎಂದಳು. ನಾವೆಲ್ಲರೂ ನಂಬಿದೆವು. ಬಗ್ಗಿ ಹೊಲಿಯುವವರಿಗೆ ಸೊಂಟ ನೋಯುವುದು ಯಾರಿಗೆ ಗೊತ್ತಿಲ್ಲ? ನಾನು ಫೋನಿನಲ್ಲಿ ಉಪದೇಶ ಶುರು ಮಾಡಿದೆ. ಕಾಯಿಸಿ ಆರಿಸಿದ ನೀರು ಕುಡಿ, ಜಾಸ್ತಿ ಕುಡಿ ಎಂದೆ. ನನ್ನ ಮಾತೆಂದರೆ ಅವಳಿಗೆ ವೇದವಾಕ್ಯ. ಪಾತ್ರೆಗಟ್ಟಲೆ ಕಾಯಿಸಿ ಕುಡಿದಳು. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ ಎಂಬುದು ನನಗೆ ಗೊತ್ತಿದ್ದ ಸಂಗತಿಯೇ.

ಆಮೇಲೆ ಫಿಲ್ಟರ್ ಕೊಡಿಸುವ ಹುರುಪು ಬಂತು. ಕಣ್ಣುಮುಚ್ಚಿ ಯಾವುದೋ ಒಂದನ್ನು ತಂದಿಡುವವಳಲ್ಲ ನಾನು. ಮೊದಲು ನೀರು ಪರೀಕ್ಷೆಯಾಗಬೇಕು, ಆಮೇಲೆ ಮೆಷೀನು. "ಅಕ್ಕ, ನಿಮ್ಮನೆ ನೀರು ಒಂದು ಬಾಟ್ಲಿ ಹಿಡಿದಿಡು, ಭಾನುವಾರ ಬರ್ತೀನಿ" ಎಂದು ಫೋನ್ ಮಾಡಿದೆ. ಹೋಗುವಷ್ಟರಲ್ಲಿ ಬಾಟಲಿ ತಯಾರಾಗಿತ್ತು. ತೊಳೆದು, ಒರೆಸಿ, ರವಿಕೆ ಬಟ್ಟೆಯ ತುಂಡಿನಲ್ಲಿ ಅದಕ್ಕೊಂದು ಚೀಲವನ್ನೂ ಹೊಲಿದಿದ್ದಳು. ಹೊರಡುವ ಮುಂಚೆ ಎಂದಿನಂತೆ ಅಡುಗೆಮನೆಯ ಕಟ್ಟೆಯ ಮೇಲಿನ ಹಿತ್ತಾಳೆ ಬಿಂದಿಗೆಯಿಂದ ಒಂದು ಲೋಟ ನೀರು ಕೊಟ್ಟಳು. "ನಮ್ಮೂರ ನೀರಿಗಿಂತ ನಿಮ್ಮನೆ ನೀರೇ ರುಚಿ ಕಣಕ್ಕ" ಎಂದೆ. ಅವಳ ಮುಖ ಅರಳಿತು.

ಹಿಂದೂಪುರದಲ್ಲಿ ಫಿಲ್ಟರ್ ಅಂಗಡಿಯವರು ವಯಸ್ಸಾದ ಮನುಷ್ಯ. "ಏ ಊರು ನೀಳ್ಳಮ್ಮಾ ಇವಿ?" ಎಂದು ತೆಲುಗಿನಲ್ಲಿ ಕೇಳಿದರು. ಕಲ್ಯಾಣದುರ್ಗದ್ದು ಎಂದಾಗ ಹುಬ್ಬು ಗಂಟಿಕ್ಕಿ, ಆ ಕಡೆ ಬೋರು ನೀರಾದರೆ ಫ್ಲೋರೈಡ್ ನೋಡಲೇಬೇಕು ಎಂದರು. ಗಾಜಿನ ನಳಿಕೆಗೆ ನೀರು ಹಾಕಿ ಔಷಧದ ಹನಿ ಬಿಟ್ಟರು. ಹಳದಿಗೆ ತಿರುಗಿದರೆ ಕೆಟ್ಟ ನೀರು, ಗುಲಾಬಿಯಾಗಿಯೇ ಉಳಿದರೆ ಭಯವಿಲ್ಲ. ಗುಲಾಬಿಯಾಗಿಯೇ ಉಳಿಯಿತು. "ಮಂಚಿ ನೀಳ್ಳೇ ಕದಮ್ಮಾ!" ಎಂದರು; ಒಳ್ಳೆಯ ನೀರೇ ಎಂದು ಅವರಿಗೇ ಆಶ್ಚರ್ಯ. ನಾನೂ ಬಣ್ಣದ ಪಟ್ಟಿಯನ್ನು ಪಕ್ಕದಲ್ಲಿ ಹಿಡಿದು ನೋಡಿ, ಟೀಚರಮ್ಮನ ಗತ್ತಿನಲ್ಲಿ ತಲೆಯಾಡಿಸಿದೆ.

ಇಂಥ ನೀರಿಗೆ ಆರ್‌ಓ ಬೇಡ ಎಂದರು ಅವರು. ಕರಗಿದ ಉಪ್ಪು, ಫ್ಲೋರೈಡ್ ತೆಗೆಯುವುದು ಅದರ ಪೊರೆ. ಅದಕ್ಕಾಗಿ ಎಷ್ಟೋ ನೀರನ್ನು ಹೊರಗೆ ಚೆಲ್ಲುತ್ತದೆ. ಈ ನೀರಿಗೆ ಕ್ರಿಮಿ ಕೊಲ್ಲುವ ದೀಪದ ಫಿಲ್ಟರ್ ಸಾಕು. ದೊಡ್ಡ ಮೆಷೀನು ಮಾರಬಹುದಾಗಿದ್ದವರು ಚಿಕ್ಕದನ್ನು ಕೊಟ್ಟರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಅಕ್ಕನಿಗೆ ಆ ಫಿಲ್ಟರಿನ ಮೇಲೆ ಎಲ್ಲಿಲ್ಲದ ಅಭಿಮಾನ. ಅದಕ್ಕೆ ಲೇಸು ಇಟ್ಟ ಕವರು ಹೊಲಿದಳು. ರವಿಕೆ ಅಳತೆಗೆ ಬಂದವರನ್ನೆಲ್ಲ ಒಳಗೆ ಕರೆದು, ನೀಲಿ ದೀಪ ತೋರಿಸಿ, "ನಮ್ ತಂಗಿ ಟೆಸ್ಟ್ ಮಾಡ್ಸಿ ತಂದುಕೊಟ್ಟಿದ್ದು" ಎನ್ನುತ್ತಿದ್ದಳಂತೆ. ಫೋನ್ ಮಾಡಿದಾಗಲೆಲ್ಲ ವರದಿ ಒಪ್ಪಿಸುತ್ತಿದ್ದಳು: "ನೀನ್ ಹೇಳ್ದಂಗೆ ದಿನಾ ನಾಕು ಚೊಂಬು ಕುಡೀತಿದೀನಿ ಕಣಮ್ಮ." ನಾನು ಭೇಷ್ ಎನ್ನುತ್ತಿದ್ದೆ.

ಸೊಂಟ ಆದ ಮೇಲೆ ಬೆನ್ನು, ಬೆನ್ನಾದ ಮೇಲೆ ಕುತ್ತಿಗೆ. ಯಾರಾದರೂ ಕರೆದರೆ ಮುಖ ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸತೊಡಗಿದಳು. ತಲೆ ಬಗ್ಗಿಸಿ ಸೂಜಿಯ ಕಣ್ಣು ನೋಡಲಾಗದೆ, ಒಂದು ದಿನ ಮೆಷೀನಿಗೆ ಬಟ್ಟೆ ಮುಚ್ಚಿದಳು. ಆಗ ಅವಳನ್ನು ಹಿಂದೂಪುರಕ್ಕೆ ಕರೆತಂದು ಡಾಕ್ಟರಿಗೆ ತೋರಿಸಿದೆ. ಅವರು ಎಕ್ಸ್‌ರೇ ಫಿಲಮನ್ನು ಬೆಳಕಿಗೆ ಹಿಡಿದು, "ಕುಡಿಯೋ ನೀರು ಯಾವುದು?" ಎಂದು ಕೇಳಿದರು. ಅಕ್ಕನಿಗೆ ಬಾಯಿ ತೆರೆಯಲೂ ಬಿಡದೆ ನಾನೇ ಉತ್ತರ ಕೊಟ್ಟೆ. ನೀರು ಪರೀಕ್ಷೆಯಾಗಿದೆ, ಫ್ಲೋರೈಡ್ ಇಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ ಎಂದೆ. ಅವರು ವಾದಿಸಲಿಲ್ಲ. "ಇನ್ನೊಂದ್ಸಲ ನೋಡಿ ಮೇಡಂ" ಎಂದರು, ಅಷ್ಟೇ.

ಅಕ್ಕನನ್ನು ವಾಪಸ್ಸು ಬಿಡಲು ಹೋದಾಗ ಅಂಗಡಿಯವರಿಂದ ಪರೀಕ್ಷೆಯ ಡಬ್ಬಿ ಇಸಿದುಕೊಂಡು ಹೋದೆ. ಡಾಕ್ಟರದ್ದೇ ತಪ್ಪು ಎಂದು ತೋರಿಸಿಬಿಡುವ ಹಟವೂ ಇತ್ತು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಳಿಕೆ ಒಡ್ಡಿದೆ. ಅಕ್ಕ ಬಾಗಿಲಲ್ಲಿ ನಿಂತು ಗಾಬರಿಯಿಂದ ಕೂಗಿದಳು:

"ಅಯ್ಯೋ, ಆ ಬೋರು ನೀರು ಯಾಕೆ ಹಿಡೀತೀಯ? ಬಿಂದಿಗೇದು ತಗೋ. ಅವತ್ತು ನಿನಗೆ ಬಾಟ್ಲಿಗೆ ತುಂಬ್ಕೊಟ್ಟಿದ್ದೂ ಅದ್ನೇ ಅಲ್ವಾ?"

ತುಂಬಿದ ನಳಿಕೆ ಹಿಡಿದೇ ನಲ್ಲಿ ನಿಲ್ಲಿಸಿದೆ. "ಬಿಂದಿಗೇಲಿ ಇರೋದು ಯಾವ ನೀರಕ್ಕ?"

"ಹೊಳೆ ನೀರು. ಹಳೇ ಬೀದಿ ಕೊಳಾಯಿಗೆ ನಾಕು ದಿನಕ್ಕೊಂದ್ಸಲ ಬಿಡ್ತಾರೆ. ಒಂದೇ ಬಿಂದಿಗೆ ಸಿಕ್ಕೋದು, ನೆಂಟರಿಗೆ ಅಂತ ತಂದಿಟ್ಕೊತೀನಿ. ಹಿಂದೂಪುರದಾಗೆ ಯಾರೋ ನಮ್ಮನೆ ನೀರು ನೋಡ್ತಾರೆ ಅಂದ್ರೆ ಈ ಚವುಳು ನೀರು ಕಳ್ಸೋಕಾಯ್ತದಾ? ಮರ್ಯಾದೆ ಬ್ಯಾಡ್ವಾ?"

ನಮ್ಮ ಕಡೆ ಇದು ಹೊಸದಲ್ಲ. ಬಂದವರ ಮುಂದೆ ಇಡುವ ನೀರೇ ಬೇರೆ, ಮನೆಯವರು ಕುಡಿಯುವ ನೀರೇ ಬೇರೆ. ಇದು ನನಗೆ ಗೊತ್ತಿರಬೇಕಿತ್ತು. ನಮ್ಮಮ್ಮನೂ ಹಾಗೇ ಮಾಡುತ್ತಿದ್ದಳು. ಅಕ್ಕನ ಲೆಕ್ಕದಲ್ಲಿ ಪರೀಕ್ಷೆಯ ಬಾಟಲಿಯೂ ಮನೆಯ ಹೆಸರು ಹೊತ್ತು ಪರವೂರಿಗೆ ಹೋಗುವಂಥದ್ದು; ಅದಕ್ಕೆ ಒಳ್ಳೆಯದನ್ನೇ ತುಂಬಬೇಕು.

ನಳಿಕೆಗೆ ಹನಿ ಬಿಟ್ಟೆ. ಗುಲಾಬಿ ಬಣ್ಣ ನಿಲ್ಲಲೇ ಇಲ್ಲ, ಹಳದಿಯಾಯಿತು. ನೀಲಿ ದೀಪದ ಫಿಲ್ಟರಿನಿಂದ ಹಿಡಿದು ನೋಡಿದೆ. ಅದೂ ಹಳದಿ.

ಆಗ ನಾನು ಕೂಗಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನಿನಗೆ ಬುದ್ಧಿ ಇಲ್ಲವಾ, ಮನೆಯ ನೀರು ಎಂದರೆ ಮನೆಯವರು ಕುಡಿಯುವ ನೀರು ಎಂದು ಅಷ್ಟೂ ತಿಳಿಯಲಿಲ್ಲವಾ ಎಂದು ಬೈದೆ. ಅವಳು ಗೋಡೆ ಹಿಡಿದುಕೊಂಡು ಇಡೀ ಮೈ ತಿರುಗಿಸಿ ನನ್ನ ಕಡೆ ನೋಡಿ, "ನೀನು ಬಿಡಿಸಿ ಹೇಳ್ಲಿಲ್ಲ ಕಣಮ್ಮ" ಎಂದಳು. ನಿಜ, ಹೇಳಿರಲಿಲ್ಲ. ನಲ್ಲಿಯಿಂದ ಹಿಡಿ ಎಂಬ ಒಂದು ಮಾತು ಹೇಳಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ತಲೆ ಸವರಲು ಅವಳು ಬಗ್ಗಲು ನೋಡಿದಳು, ಆಗಲಿಲ್ಲ.

ಆ ವಾರವೇ ಆರ್‌ಓ ಹಾಕಿಸಿದೆ. ಮೂಳೆಗೆ ಸೇರಿದ್ದನ್ನು ತೆಗೆಯಲಾಗುವುದಿಲ್ಲ, ಇನ್ನು ಮುಂದೆ ಸೇರದಂತೆ ನೋಡಿಕೊಳ್ಳಿ ಎಂದರು ಡಾಕ್ಟರು. ಆ ನಾಲ್ಕು ವರ್ಷ ಉಳಿಸಿದ್ದರೆ ಅವಳು ಇವತ್ತು ಮೆಷೀನಿನ ಮುಂದೆ ಕೂರುತ್ತಿದ್ದಳೇ ಎಂದು ಅವರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಹೋದ ತಿಂಗಳು ಮತ್ತೆ ಹೋಗಿದ್ದೆ. ಆರ್‌ಓ ಚೆಲ್ಲುವ ನೀರನ್ನು ಬಕೆಟ್ಟಿಗೆ ಹಿಡಿದು ಪಾತ್ರೆ ತೊಳೆಯುತ್ತಿದ್ದಳು. ಹಿತ್ತಾಳೆ ಬಿಂದಿಗೆ ಕಟ್ಟೆಯ ಮೇಲೇ ಇತ್ತು, ತುಂಬಿತ್ತು.

"ಇದನ್ನ ಯಾರು ತಂದರು?" ಎಂದೆ.

"ನಾನೇ. ಎತ್ತೋಕಾಗಲ್ಲ, ಚೊಂಬ್ನಾಗೆ ತಂದು ತಂದು ತುಂಬಿಸ್ದೆ. ನಿನಗೆ ಆ ನೀರು ಅಂದ್ರೆ ಇಷ್ಟ ಅಲ್ವಾ?"

ಬಗ್ಗಿ ನೋಡಲಾಗದ ಹೆಂಗಸು, ಕಲ್ಲುಮುಳ್ಳಿನ ದಾರಿಯಲ್ಲಿ ಹಳೇ ಬೀದಿಗೆ ಎಷ್ಟು ಸಲ ತಿರುಗಿದಳೋ ನಾನು ಕೇಳಲಿಲ್ಲ. ಅವಳು ಸಾಕಿದ ಮಗಳು ನಾನು ಎಂದುಕೊಂಡಿದ್ದೆ. ಇಷ್ಟು ವರ್ಷದಲ್ಲಿ ಅವಳು ಕುಡಿಯುವ ನೀರನ್ನು ನನಗೆ ಒಂದು ಲೋಟವೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಮೊದಲ ಗುಟುಕಿಗೇ ಆ ಚವುಳು ಗೊತ್ತಾಗುತ್ತಿತ್ತು.

ಲೋಟ ಚಾಚಿಕೊಂಡು ಕಾಯುತ್ತಿದ್ದಳು. ತಗೊಂಡು ಕುಡಿದೆ. ನೀರು ಸಿಹಿಯಾಗಿಯೇ ಇತ್ತು. "ರುಚಿ ಐತಾ?" ಎಂದು ಕೇಳಿದಳು. ಐತೆ ಕಣಕ್ಕ ಎಂದೆ.