ಬೆರಣಿಯೊಳಗಿನ ಕುಂಬಳದ ಬೀಜ

ಬೆಳಗ್ಗೆ ಏಳರ ಹೊತ್ತಿಗೆ ನಮ್ಮ ಓನರಮ್ಮನ ಮೂಗುಬೊಟ್ಟಿನ ಮೇಲೆ ಹಳದಿ ಪುಡಿ ಅಂಟಿರುತ್ತಿತ್ತು. ಅರಿಶಿನವಲ್ಲ, ಕುಂಬಳದ ಗಂಡು ಹೂವಿನ ಪುಡಿ. ಅದನ್ನು ಹೆಣ್ಣು ಹೂವಿಗೆ ಸವರಿ, ಪಕ್ಕದ ಮನೆಯ ಹೈಬ್ರಿಡ್ ಬಳ್ಳಿಯಿಂದ ಬರುವ ಜೇನು ಮುಟ್ಟದಿರಲೆಂದು ಹೂವಿನ ಬಾಯಿಯನ್ನು ರೇಷ್ಮೆ ಎಳೆಯಿಂದ ಕಟ್ಟುತ್ತಿದ್ದರು. ಶಿಡ್ಲಘಟ್ಟದಲ್ಲಿ ರೇಷ್ಮೆ ಎಳೆಗೇನು ಬರ! ಯಾರಾದರೂ ನಕ್ಕರೆ, "ನಗ್ರೀ ನಗ್ರೀ. ಮದ್ವೆ ಮಾಡಿ ಬಾಗ್ಲು ಹಾಕ್ದೆ, ಅಷ್ಟೇ" ಎನ್ನುವರು.

ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ. ಗೌರಿಬಿದನೂರಿನ ಶಾಲೆಯಿಂದ ವರ್ಗವಾಗಿ ಬಂದ ನಾನು ಅವರ ಮನೆಯ ಹಿಂದಿನ ಎರಡು ಕೋಣೆಗೆ ಬಾಡಿಗೆಗೆ ಸೇರಿದ್ದೆ. ಹಿತ್ತಲ ತುಂಬ ಚೆಂಡುಹೂವು, ಕನಕಾಂಬರ, ಕೋಳಿಜುಟ್ಟು. ಎಲ್ಲವೂ ಹಳೇ ಸೀರೆ ಚೂರಿನಲ್ಲಿ ಗಂಟು ಕಟ್ಟಿಟ್ಟ ಬೀಜದಿಂದ ಎದ್ದವು. ಆದರೆ ಅವರ ಜೀವವೆಲ್ಲ ಕುಂಬಳದ ಮೇಲೆ. ಕೆಂಚಾರ್ಲಹಳ್ಳಿಯ ತವರಿನಿಂದ ಮದುವೆಯಾದಾಗ ತಂದ ತಳಿ ಅದು. ಕಾಯಿ ಚಪ್ಪಟೆ, ಒಳಗೆ ಕುಂಕುಮದ ಬಣ್ಣ. ತವರಿನವರೇ ಹಿಪ್ಪುನೇರಳೆ ಹಾಕಲು ಬಳ್ಳಿ ಕಿತ್ತು ವರ್ಷಗಳಾಗಿದ್ದವು.

ಹುಳ ಹಿಡಿಯದಿರಲೆಂದು ಬೀಜವನ್ನು ಹಸಿ ಸಗಣಿಗೆ ಒತ್ತಿ ಗೋಡೆಗೆ ತಟ್ಟಿಡುತ್ತಿದ್ದರು. ನನಗದು ಗೊತ್ತಿರಲಿಲ್ಲ. ಒಂದು ಚಳಿಯ ಬೆಳಗ್ಗೆ ನೀರೊಲೆ ಹತ್ತಲೊಲ್ಲದೆ, ಗೋಡೆಯ ಮೇಲಿದ್ದ ಮೂರೂ ಬೆರಣಿ ಕಿತ್ತು ಒಲೆಗಿಟ್ಟೆ. ಪಟಪಟ ಸಿಡಿಯುವ ಸದ್ದಿಗೆ ಓನರಮ್ಮ ಓಡಿ ಬಂದರು. ಆ ವರ್ಷದ ಬೀಜವೆಲ್ಲ ಅದರಲ್ಲೇ ಇತ್ತು, ಕಾಯಿಗಳೆಲ್ಲ ಆಗಲೇ ಸಾರಾಗಿದ್ದವು. ಸಿಟ್ಟು ಬಂದರೆ ಅವರು ತೆಲುಗಿಗೆ ತಿರುಗುವವರು. ಅವತ್ತು ತೆಲುಗೂ ಇಲ್ಲ, ಕನ್ನಡವೂ ಇಲ್ಲ. ಬೂದಿ ಕೆದಕಿ ನೋಡಿ, ಒಂದೂ ಉಳಿದಿಲ್ಲವೆಂದು ಗೊತ್ತಾದ ಮೇಲೆ ಒಳಗೆ ಹೋದರು. ನನಗೆ ನಾಚಿಕೆಯಿಂದ ಅನ್ನ ಸೇರಲಿಲ್ಲ.

ಆ ಭಾನುವಾರ ಅವರು ಚಪ್ಪಲಿ ಮೆಟ್ಟಿದ್ದು ನೋಡಿ ನಾನೂ ಹಿಂದೆಯೇ ಹೊರಟೆ. ಬರಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಹಿಂದೆಂದೋ ತಾವು ಬೀಜ ಕೊಟ್ಟಿದ್ದ ಮನೆಗಳನ್ನೆಲ್ಲ ನೆನೆದು ನೆನೆದು ಹೋದರು. ಕೆಂಚಾರ್ಲಹಳ್ಳಿಯಲ್ಲಿ ಇಲ್ಲ. ಚಿಂತಾಮಣಿಯಲ್ಲಿ, "ಅಯ್ಯೋ, ಅದ್ಯಾವ ಕಾಲದ್ದು!" ಎಂದು ಕಾಫಿ ಕೊಟ್ಟು ಕಳಿಸಿದರು. ಹೀಗೇ ನಾಲ್ಕು ಭಾನುವಾರ ಕಳೆದವು.

"ಸಿಗಲ್ಲ, ಬಿಡಿ ಅಮ್ಮ" ಎಂದೆ.

"ಹಂಗಾದ್ರೆ ನೀನು ಮನೇಗೆ ಹೋಗು." ಅಷ್ಟು ದಿನದಲ್ಲಿ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ನಾನು ಹೋಗಲಿಲ್ಲ.

ಐದನೆಯ ವಾರ ಮೇಲೂರಿನ ಒಂದು ಮನೆಯ ಅಟ್ಟದಲ್ಲಿ ಒಂದೇ ಒಂದು ಕಾಯಿ ಸಿಕ್ಕಿತು. "ನಾಳೆ ಹುಳಿಗೆ ಕೊಯ್ಯೋಣ ಅಂತಿದ್ದೆ ಅಕ್ಕಾ" ಎಂದರು ಮನೆಯಾಕೆ.

"ಇವತ್ತೇ ಕೊಯ್ಯಮ್ಮ. ಹೋಳು ನಿಂಗೆ, ಬೀಜ ನಂಗೆ" ಎಂದು ಓನರಮ್ಮ ಅಲ್ಲೇ ನೆಲಕ್ಕೆ ಕುಳಿತರು.

ವಾಪಸು ಬರುವ ಬಸ್ಸಿನಲ್ಲಿ ಬೀಜದ ಗಂಟು ಬಿಚ್ಚಿ, ಅರ್ಧವನ್ನು ನನ್ನ ಕರ್ಚೀಫಿಗೆ ಸುರಿದರು. ನಾನು ಗಾಬರಿಯಾದೆ. "ನಂಗ್ಯಾಕಮ್ಮ? ಸುಟ್ಟೋಳೇ ನಾನು."

"ಅದಕ್ಕೇ ಕಣಮ್ಮ ಕೊಡ್ತಿರೋದು. ಇನ್ನು ಈ ಜನ್ಮದಲ್ಲಿ ನೀನು ಮರೆಯಲ್ಲ."

ಮೂರು ವರ್ಷದ ಮೇಲೆ ಅವರು ತೀರಿಕೊಂಡರು. ತಿಥಿಯ ಊಟದ ಹುಳಿಗೆ ನನ್ನ ಬಳ್ಳಿಯ ಕಾಯಿಗಳನ್ನೇ ಕೊಟ್ಟೆ. ಅಡುಗೆಯವನು ಮೊದಲ ಕಾಯಿ ಸೀಳಿ, ತಿರುಳನ್ನು ಬೀಜದ ಸಮೇತ ಕಸಕ್ಕೆ ಹಾಕಲು ಕೈಯೆತ್ತಿದ. ಅಳುತ್ತಿದ್ದವಳು ಎದ್ದುಹೋಗಿ ಅವನ ಕೈ ಹಿಡಿದೆ. ಕಡೆಯ ಕಾಯಿ ಕೊಯ್ದು ಮುಗಿಯುವವರೆಗೂ ತಟ್ಟೆ ಹಿಡಿದು ಅವನೆದುರೇ ಕುಳಿತಿದ್ದೆ.