ನಲವತ್ತಾರು ದಿನದ ಮಂಚ

ನಾನು ಅವನನ್ನು ಮೊದಲು ಕಂಡದ್ದು ಒಂದು ಸೋಮವಾರ ಬೆಳಗ್ಗೆ, ಶಸ್ತ್ರಚಿಕಿತ್ಸೆ ವಾರ್ಡಿನ ಹದಿನಾಲ್ಕನೆಯ ಮಂಚದಲ್ಲಿ. ಮಂಡಿಯೂರಿ, ಕಿವಿಯನ್ನು ಗೋಡೆಗೆ ಒತ್ತಿ, ಬೆರಳ ಗೆಣ್ಣಿನಿಂದ ಕುಟ್ಟುತ್ತಿದ್ದ. ದಪ್ಪ ಕೊರಳು, ಅಗಲ ಭುಜ. ಎಡಗೈಯಲ್ಲಿ ಕಿರುಬೆರಳಿರಲಿಲ್ಲ. ಮರುದಿನ ಅವನ ಹೊಟ್ಟೆಯ ಕ್ಯಾನ್ಸರ್ ಗಡ್ಡೆ ತೆಗೆಯುವುದಿತ್ತು.

"ಈ ಗೋಡೆ ಪೊಳ್ಳು. ನಾಲ್ಕು ಏಟು ಹಾಕಿದ್ರೆ ಆಚೆ ಕೂತಿರೋ ಡಾಕ್ಟರು ನನ್ನ ಮಡಿಲಿಗೇ ಬೀಳ್ತಾರೆ," ಎಂದ, ತಿರುಗಿಯೂ ನೋಡದೆ.

ಹಳೆಯ ಕಟ್ಟಡಗಳನ್ನು ಒಡೆಯುವ ತಂಡದಲ್ಲಿ ಇಪ್ಪತ್ತಾರು ವರ್ಷದಿಂದ ದೊಡ್ಡ ಸುತ್ತಿಗೆ, ಅಂದರೆ ಸಮ್ಮಟಿಗೆ, ಹಿಡಿದವನು ಅವನು. ಎಲ್ಲರಿಗೂ ಸಮ್ಮಟಿಗೆಯಣ್ಣ. ಇಂಥ ಆಪರೇಷನ್ ಆದವರು ಆಸ್ಪತ್ರೆಯಲ್ಲಿ ಎಷ್ಟು ದಿನ ಉಳಿಯುತ್ತಾರೆ, ಯಾಕೆ ಉಳಿಯುತ್ತಾರೆ ಎಂದು ಬರೆದಿಡುವುದು ನನ್ನ ಕೆಲಸ. ಅವನೂ ಅದನ್ನೇ ಕೇಳಿದ.

"ಸಾಮಾನ್ಯವಾಗಿ ಒಂಬತ್ತು ಹತ್ತು ದಿನ. ಒಳಗಿನ ಹೊಲಿಗೆ ಸೋರಿದ್ರೆ ಇನ್ನೂ ಜಾಸ್ತಿ," ಎಂದೆ.

ಮಾತು ಮುಗಿಯುವ ಮೊದಲೇ ನನ್ನ ಅಂಗಿಯ ಕೊರಳಪಟ್ಟಿ ಅವನ ಮುಷ್ಟಿಯಲ್ಲಿತ್ತು. ಎರಡು ಗುಂಡಿಗಳು ಕಿತ್ತು ನೆಲದ ಮೇಲೆ ಉರುಳಿದವು.

"ಎಂಟು ದಿನ ಅಂತ ಬರಿ."

"ನಾನು ಬರೆದ್ರೆ ಸಾಕಾಗಲ್ಲಣ್ಣ, ಹೊಟ್ಟೆ ಒಪ್ಪಬೇಕಲ್ಲ!"

ಅವನ ಹೆಂಡತಿ ಓಡಿಬಂದು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆ ಕೆಲಸ ಅವಳಿಗೆ ಹೊಸದೇನಲ್ಲ ಅನ್ನಿಸಿತು. ಅವಳ ಕೆನ್ನೆಯ ಮೇಲೆ ಹಳದಿಗೆ ತಿರುಗಿದ ಏಟಿನ ಕಲೆಯಿತ್ತು.

ಆಮೇಲೆ ವಾರ್ಡಿನ ಹೊರಗೆ ನಿಂತು ಅವಳೇ ವಿವರಿಸಿದಳು. ಆ ತಂಡದಲ್ಲೊಂದು ಕಟ್ಟಳೆ. ಸಮ್ಮಟಿಗೆ ಹಿಡಿದವನು ಹತ್ತು ದಿನ ಬಾರದಿದ್ದರೆ ಅದು ಬೇರೆಯವನ ಪಾಲು. ಹತ್ತನೆಯ ದಿನ ಬಂದು ಗೋಡೆಗೆ ಒಂದೇ ಒಂದು ಏಟು ಹಾಕಿದರೂ ಸಾಕು, ಅದು ಅವನದೇ. ಈಗ ಅದನ್ನು ಹಿಡಿಯಲು ಕಾಯುತ್ತಿದ್ದವನು ಅವಳ ಸ್ವಂತ ತಮ್ಮ.

"ಹೊಲಿಗೆ ಹಾಕಿದ ಹೊಟ್ಟೆ ಇಟ್ಕೊಂಡು ಏಟು ಹಾಕ್ತಾರೇನಮ್ಮ?"

"ಸತ್ತರೂ ಒಂದು ಹಾಕಿಯೇ ಸಾಯ್ತಾರೆ. ಮನೆಗೆ ಕಳಿಸೋದು ಯಾವುದನ್ನ ನೋಡಿ, ಅದನ್ನಾದ್ರೂ ಹೇಳಿ ಸ್ವಾಮಿ."

ಹೊಟ್ಟೆಯ ಪಕ್ಕದಿಂದ ಒಂದು ಕೊಳವೆ ಹೊರಗೆ ಬರುತ್ತದೆ, ಅದರ ತುದಿಯಲ್ಲೊಂದು ಚೀಲ ಇರುತ್ತದೆ, ಆ ಚೀಲ ಒಣಗುತ್ತ ಬಂದರೆ ಕೊಳವೆ ತೆಗೆದು ಕಳಿಸುತ್ತಾರೆ ಎಂದು ಹೇಳಿದೆ. ಅವಳು ಗಮನವಿಟ್ಟು ಕೇಳಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಎಚ್ಚರವಾದ ದಿನವೇ ಅವನು ವಾರ್ಡಿನ ಆಯಾಳ ಮೇಲೆ ನೀರಿನ ಜಗ್ಗು ಎಸೆದ. ಮರುದಿನ ಸೂಜಿ ಚುಚ್ಚಲು ಬಂದ ನರ್ಸಿನ ಮಣಿಕಟ್ಟು ತಿರುಚಿದ. ಆದರೆ ಚೀಲ ಮಾತ್ರ ಸಾಧುವಾಗಿತ್ತು. ಮೂರನೆಯ ದಿನ ಮೂವತ್ತು ಮಿಲಿ, ನಾಲ್ಕನೆಯ ದಿನ ಹತ್ತು, ಐದನೆಯ ದಿನ ಸೊನ್ನೆ. ಆರನೆಯ ದಿನವೂ ಸೊನ್ನೆ. ಸಣ್ಣ ಜ್ವರವಿತ್ತು, ಯಾರೂ ದೊಡ್ಡದು ಮಾಡಲಿಲ್ಲ. ನಾಳೆ ಕೊಳವೆ ತೆಗೆಯೋಣ ಎಂದರು ಡಾಕ್ಟರು.

ಅಂದು ಮಧ್ಯಾಹ್ನ ಅವನ ಭಾವಮೈದುನ ನೋಡಲು ಬಂದ. ನಾನು ಪಕ್ಕದ ಮಂಚದ ಬಳಿ ಬರೆಯುತ್ತಿದ್ದೆ.

"ಆರಾಮಾಗಿ ಮಲಗು ಭಾವ. ಸಮ್ಮಟಿಗೆಗೆ ಹೊಸ ಹಿಡಿ ಹಾಕ್ಸಿದೀನಿ. ಹಳೇದು ನಿನ್ನ ಹಾಗೇ ಹುಳ ಹಿಡಿದಿತ್ತು," ಎಂದು ನಕ್ಕ.

ಸಮ್ಮಟಿಗೆಯಣ್ಣ ಕಾಲು ಕೆಳಗಿಟ್ಟು ನಿಂತ. ಗ್ಲೂಕೋಸ್ ಬಾಟಲಿ ತೂಗುಹಾಕಿದ್ದ ಕಬ್ಬಿಣದ ಕಂಬವನ್ನು ಎರಡು ಕೈಯಿಂದ ಎತ್ತಿ, ಭುಜದ ಮೇಲಿಂದ ಬೀಸಿದ. ಭಾವಮೈದುನನ ಕೊರಳ ಪಕ್ಕದ ಮೂಳೆ ಲಟಕ್ಕೆಂದದ್ದು ಇಡೀ ವಾರ್ಡಿಗೆ ಕೇಳಿಸಿತು. ಎರಡನೆಯ ಸಲ ಎತ್ತಿದ ಕಂಬ ಮಾತ್ರ ಗಾಳಿಯಲ್ಲೇ ನಿಂತಿತು. ಅವನ ನಿಲುವಂಗಿಯ ಮುಂಭಾಗ ಒದ್ದೆಯಾಗುತ್ತಿತ್ತು. ಹೊಲಿಗೆ ಬಿಚ್ಚಿಕೊಂಡು ರಕ್ತದ ಜೊತೆ ಹಸಿರುಗಂದು ನೀರು ತೊಡೆಯ ಮೇಲೆ ಇಳಿಯಿತು. ಆ ನಾತಕ್ಕೆ ಪಕ್ಕದ ಮಂಚದ ಮುದುಕರು ವಾಂತಿ ಮಾಡಿಕೊಂಡರು. ಅವನು ತನ್ನ ಹೊಟ್ಟೆಯನ್ನು ತಾನೇ ನೋಡುತ್ತ ಕುಸಿದ.

"ಚಾರ್ಟಿನಲ್ಲಿ ಸೊನ್ನೆ ಇದೆ. ಹೊಟ್ಟೆ ತುಂಬ ಕೀವು! ಯಾರು ಅಳೆದದ್ದು?" ಎಂದು ಡಾಕ್ಟರು ಕಿರುಚಿದರು.

ಹೆಂಡತಿ ನನ್ನ ಮುಂದೆ ಬಂದು ನಿಂತಳು. "ಒಣಗಿದ್ರೆ ಮನೆಗೆ ಅಂದ್ರಲ್ಲ ಸ್ವಾಮಿ. ಅದನ್ನೇ ನಮ್ಮೆಜಮಾನ್ರಿಗೆ ಹೇಳಿದೆ, ಚೀಲ ಖಾಲಿ ಮಾಡು ಅಂದ್ರು. ನರ್ಸಮ್ಮ ಬರೋ ಮುಂಚೆ ದಿನಾ ನಾನೇ ಚೆಲ್ಲಿ ಒಣಗಿಸ್ತಿದ್ದೆ. ಇಲ್ಲ ಅಂದ್ರೆ ಜುಟ್ಟು ಹಿಡೀತಿದ್ರು."

ಎರಡನೆಯ ಆಪರೇಷನ್ ಆಯಿತು. ಹನ್ನೊಂದು ದಿನ ತೀವ್ರ ನಿಗಾ ಘಟಕದಲ್ಲಿ ಅವನ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಹತ್ತನೆಯ ದಿನ ಎಂಬುದು ಅವನಿಗೆ ಗೊತ್ತಾಗದೆಯೇ ಕಳೆದುಹೋಯಿತು. ಆಮೇಲೆ ವಾರ್ಡಿಗೆ ಬಂದ ಮೊದಲ ಬೆಳಗ್ಗೆ, ಅರ್ಧ ತುಂಬಿದ ಚೀಲವನ್ನು ತೋರಿಸಿ ಅವನು ಹೆಂಡತಿಗೆ ಸನ್ನೆ ಮಾಡಿದ. ಅವಳು ಕದಲಲಿಲ್ಲ. ಕೈ ಎತ್ತಿದ. ಆ ಕೈಯನ್ನು ಅವಳು ಗಾಳಿಯಲ್ಲೇ ಹಿಡಿದು, ಮಂಚದ ಕಂಬಿಗೆ ಬಡಿದಳು. ಇನ್ನೊಮ್ಮೆ ಬಡಿದಳು.

"ಒಡೆಯೋಕೆ ನಿನಗೊಬ್ಬನಿಗೇ ಬರುತ್ತೆ ಅಂದ್ಕೊಂಡ್ಯಾ? ನರ್ಸಮ್ಮ, ಬಂದು ಅಳೀರಿ. ಒಂದು ಹನಿ ಬಿಡದೆ ಬರ್ಕೊಳ್ಳಿ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಆ ದಿನದಿಂದ ಚೀಲ ನಿಜವಾಗಿಯೇ ಒಣಗುತ್ತ ಬಂತು. ಒಟ್ಟು ನಲವತ್ತಾರು ದಿನ ಎಂದು ಬರೆದೆ. ಕಾರಣದ ಕಾಲಂನಲ್ಲಿ 'ಹೊಲಿಗೆ ಸೋರಿಕೆ' ಎಂದಷ್ಟೇ ಹಾಕಲು ಜಾಗವಿತ್ತು.

ಹೆಂಡತಿ ಅವನನ್ನು ಮನೆಯವರೆಗೆ ಕರೆದೊಯ್ದು ಬಿಟ್ಟು, ತನ್ನ ಅಕ್ಕನ ಮನೆಗೆ ಹೋದಳು. ಮತ್ತೆ ಬರಲಿಲ್ಲ. ಸಮ್ಮಟಿಗೆ, ಮೂಳೆ ಕೂಡಿದ ಮೇಲೆ, ಅವಳ ತಮ್ಮನ ಕೈಸೇರಿತು.

ಈಗ ಸಮ್ಮಟಿಗೆಯಣ್ಣ ಅದೇ ತಂಡದಲ್ಲಿದ್ದಾನೆ. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಉಣ್ಣುತ್ತಾನೆ. ಒಡೆಯುವ ಮುನ್ನ ಗೋಡೆಗೆ ಕಿವಿಯೊತ್ತಿ, ಏಟು ಎಲ್ಲಿ ಬೀಳಬೇಕೆಂದು ಭಾವಮೈದುನನಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಡುತ್ತಾನೆ.