ಐದು ಮನೆಯ ತೊಗರಿ

ಶಿವಕಾಂತಮ್ಮನ ಸುದ್ದಿ ನಾನು ಮೊದಲು ಕೇಳಿದ್ದು ಊಟದ ಹೊತ್ತಿನಲ್ಲಿ. ನಮ್ಮವರು, ವಿಠೋಬಾ, ವಾಡಿಯಲ್ಲಿ ರೈಲ್ವೆ ಗ್ಯಾಂಗಿನ ಕೆಲಸ ಮುಗಿಸಿ ಬಂದು, ನಾನು ಬಡಿಸಿದ ನೀರುಸಾರನ್ನು ನೋಡುತ್ತ ಹೇಳಿದರು:

"ನಮ್ಮ ಹಿಂದಿನ ಸಾಲಿನ ಮನಿಗಿ ಕೊಡ್ಲಿ ಊರಾಕಿ ಒಬ್ಬಾಕಿ ಬಂದಾಳ. ಆಕಿ ಗಂಡನ ಪಗಾರ ನನ್ನಕಿಂತ ಕಮ್ಮಿ. ಅವ ಡಬ್ಬಿ ತಗದ್ರ ಇಡೀ ಗ್ಯಾಂಗಿಗಿ ತುಪ್ಪದ ವಾಸನಿ."

"ಹಂಗಾದ್ರ ನಾಳಿಂದ ಅಲ್ಲೇ ಉಣ್ರಿ" ಎಂದೆ. ಮರುದಿನ ಮಾತ್ರ ನಾನೇ ಹೋದೆ, ಒಂದು ಬಟ್ಟಲು ಸಕ್ಕರೆ ಕೇಳುವ ನೆವ ಮಾಡಿಕೊಂಡು.

ಅವಳು ಬಾಗಿಲ ಮುಂದೆ ಬೀಸುಕಲ್ಲು ಹಾಕಿಕೊಂಡು ತೊಗರಿ ಒಡೆಯುತ್ತಿದ್ದಳು. ಸಣ್ಣ ದೇಹ, ದೊಡ್ಡ ದನಿ.

"ಬರ್ರಿ ಅಕ್ಕೋರೆ, ಕುಂದ್ರಿ. ಸಕ್ಕರಿ ಆಮ್ಯಾಲ ಕೊಡ್ತೀನಿ, ಮೊದಲ ಒಂದೊಂದ ಹಿಡಿ ಕಾಳು ಹಾಕ್ರಿ."

ಸಂಜೆಯವರೆಗೆ ನನ್ನ ಕೈಯಿಂದ ಕೆಲಸ ಮಾಡಿಸಿಕೊಂಡಳು. ಅಷ್ಟರಲ್ಲಿ ಅವಳ ಗುಟ್ಟು ನನಗೆ ತಿಳಿಯಿತು. ಅಂಗಡಿಯ ಬೇಳೆ ಅವಳ ಮನೆ ಹೊಕ್ಕಿದ್ದೇ ಇಲ್ಲ. ಸುಗ್ಗಿಯಲ್ಲಿ ಕೊಡ್ಲಿಯಿಂದ ವರ್ಷದ ತೊಗರಿ ತರಿಸಿ ತಾನೇ ಒಡೆಯುವಳು. ಇಡೀ ಬೇಳೆ ಹೋಳಿಗೆಗೆ, ಸಾರಿಗೆ. ನುಚ್ಚು ಪುಂಡಿಪಲ್ಯಕ್ಕೆ. ಹೊಟ್ಟು ಓಣಿಯ ಕೊನೆಯಲ್ಲಿ ಹೈನು ಮಾಡುವ ಗನಿಸಾಬರ ಎಮ್ಮೆಗಳಿಗೆ. ಅದಕ್ಕೆ ಬದಲು ಅವರ ಮನೆಯಿಂದ ಮಜ್ಜಿಗೆ, ನಡುನಡುವೆ ಒಂದು ಉಂಡೆ ಬೆಣ್ಣೆ.

"ತುಪ್ಪ ಹೊಟ್ಟಿನಾಗ ಅದ ಅಕ್ಕೋರೆ. ನೀವು ಅದನ್ನ ಅಂಗಡ್ಯಾಗ ಬಿಟ್ಟು ಬರೀ ಬ್ಯಾಳಿ ತರ್ತೀರಿ. ನಂದೊಂದ ಮನಿ ಹೊಟ್ಟು ಎಮ್ಮಿಗಿ ಸಾಲಂಗಿಲ್ಲ. ಐದು ಮನಿ ಕೂಡಿದ್ರ ಐದೂ ಮನ್ಯಾಗ ಮಜ್ಗಿ."

ಐದು ಮನೆ ಕೂಡಿದೆವು. ಅದರಲ್ಲಿ ಹುಸ್ನಾಳ ಮನೆಯೂ ಒಂದು. ಹುಸ್ನಾಳ ನಾಲಿಗೆ ಅವಳು ಕುಟ್ಟುವ ಮೆಣಸಿನಕಾಯಿಗಿಂತ ಖಾರ. ನಾಲ್ಕು ವರ್ಷ ಎಲ್ಲರ ತೊಗರಿಗೂ ಶಿವಕಾಂತಮ್ಮನೇ ಬೇವಿನ ನೀರು ಚಿಮುಕಿಸಿ, ಒಲೆಯ ಬೂದಿ ತಿಕ್ಕಿ, ಒಣಗಿಸಿ ಇಟ್ಟಳು. ಹಾಗೆ ಮಾಡಿದ ಕಾಳಿಗೆ ಹುಳ ಬೀಳುವುದಿಲ್ಲ. ನಮ್ಮವರ ತಟ್ಟೆಯಲ್ಲೂ ಸಾರು ಗಟ್ಟಿಯಾಯಿತು.

ಐದನೆಯ ವರ್ಷ ಸೇಡಂನಲ್ಲಿ ಅವಳ ಮಗಳ ಬಾಣಂತನ. ಹೋಗುವಾಗ ಐದೂ ಮನೆಯ ತೊಗರಿಯ ಎರಡು ಚೀಲ ನನ್ನ ಮನೆಯಲ್ಲಿ ಇಳಿಸಿ, ಬೂದಿ ಹಚ್ಚುವ ಕೆಲಸ ನನಗೆ ಒಪ್ಪಿಸಿದಳು.

ಹುಸ್ನಾ ಬಾಗಿಲಲ್ಲೇ ನಿಂತು ಹೇಳಿದಳು: "ಹಣಮಕ್ಕ, ಇದು ಕೆಟ್ರ ನಾ ಅಂಗಡಿ ಬ್ಯಾಳಿಗೇ ಹೋಗ್ತೀನಿ. ಉಳದೋರೂ ನನ್ನ ಹಿಂದೇ ಬರ್ತಾರ ನೋಡು."

ಅದು ಬರಿಯ ಬೆದರಿಕೆ ಅಲ್ಲವೆಂದು ನನಗೆ ಗೊತ್ತಿತ್ತು. ಒಂದು ಮನೆ ಬಿಟ್ಟರೆ ಹೊಟ್ಟು ಸಾಲದು, ಮಜ್ಜಿಗೆ ನಿಲ್ಲುತ್ತದೆ, ಕೂಟವೇ ಒಡೆಯುತ್ತದೆ. ನನ್ನ ಮನೆಗೆ ಗ್ಯಾಸು ಬಂದು ಒಲೆ ಆರಿತ್ತು, ಬೂದಿ ಎಲ್ಲಿಯದು? ಗನಿಸಾಬರ ಮನೆಗೆ ಹೋಗಿ ಕೇಳಬಹುದಿತ್ತು. ಆದರೆ ಬಚ್ಚಲ ಮೂಲೆಯ ಹಳೆಯ ಡಬ್ಬಿಯಲ್ಲಿ ಬೂದುಬಣ್ಣದ ಪುಡಿ ಕಂಡಿತು. ಹಿಂದೆ ನಾನೇ ಎತ್ತಿಟ್ಟ ಬೂದಿ ಎಂದುಕೊಂಡೆ. ಅರ್ಧ ಚೀಲ ಕಾಳಿಗೆ ಬೇವಿನ ನೀರು ಹಾಕಿ ಆ ಪುಡಿಯನ್ನು ಚೆನ್ನಾಗಿ ತಿಕ್ಕಿದೆ. ಬಿಸಿಲು ಇಳಿದಿತ್ತು, ನಾಳೆ ಒಣಗಿಸಿದರಾಯಿತೆಂದು ಬುಟ್ಟಿಯಲ್ಲೇ ಬಿಟ್ಟೆ.

ಬೆಳಿಗ್ಗೆ ಬುಟ್ಟಿ ಎತ್ತಲು ಬರಲಿಲ್ಲ. ನಮ್ಮವರು ಬೆರಳಿನಿಂದ ತಟ್ಟಿ ನೋಡಿದರು, ಠಣ್ ಎಂದಿತು.

"ಬಚ್ಚಲ ಕಟ್ಟೀಗಿ ತಂದ ಸಿಮಿಟ್ ಅದು. ಅದನ್ನ ಯಾಕ ಉಣಿಸಿದಿ ತೊಗರಿಗಿ?"

ಹುಸ್ನಾ ಬಂದು ಸುತ್ತ ತಿರುಗಿ ನೋಡಿದಳು. "ಅಕ್ಕಾ, ಶಹಾಬಾದಿನ ಪರಸಿ ಕಲ್ಲು ಕೇಳಿದ್ದೆ. ವಾಡಿ ಪರಸಿ ಇವತ್ತೇ ನೋಡಿದ್ದು." ನಕ್ಕಳು, ಆದರೆ ಒಳಗೆ ಬಂದು ಕೂರಲಿಲ್ಲ.

ಸುದ್ದಿ ಕೇಳಿ ಮೂರನೆಯ ದಿನ ಶಿವಕಾಂತಮ್ಮ ಸೇಡಂನಿಂದ ಬಂದಳು. ನಾನು ಸೆರಗು ಬಾಯಿಗೆ ಹಿಡಿದು ನಿಂತಿದ್ದೆ. ಅವಳು ಕಲ್ಲಾದ ಆ ತೊಗರಿಯ ಮೇಲೆ ಹತ್ತಿ ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಉಳಿದ ಮೂರು ಮನೆಯವರನ್ನೂ ಕರೆಸಿದಳು.

"ಇದು ನನ್ನ ಪಾಲು. ಉಳದದ್ದು ನೀವು ಹಂಚ್ಕೋರಿ" ಎಂದಳು.

"ನಿನ್ನ ಪಾಲಾದ್ರ ನೀ ಏನು ಉಣ್ತಿ?" ಹುಸ್ನಾ ಕೇಳಿದಳು.

"ನುಗ್ಗಿಸೊಪ್ಪು. ರೈಲ್ವೆ ಕ್ವಾರ್ಟರ್ಸ್ ಗ್ವಾಡಿ ಗುಂಟ ಗಿಡ ಬೆಳದಾವ, ಯಾರೂ ಕೇಳೋರಿಲ್ಲ."

ಹುಸ್ನಾ ಈಗ ಒಳಗೆ ಬಂದು ಕುಳಿತಳು. "ನೀ ಒಬ್ಬಾಕೇ ಸೊಪ್ಪು ತಿಂದು ದಪ್ಪಗಾಗೋದು ಬ್ಯಾಡ. ಎಲ್ಲಾರೂ ತಿಂತೀವಿ."

ಆ ವರ್ಷ ಐದೂ ಮನೆಗಳಲ್ಲಿ ವಾರಕ್ಕೆರಡು ದಿನ ಬೇಳೆ ಇಲ್ಲ. ನುಗ್ಗೆಸೊಪ್ಪಿನ ಪಲ್ಯ, ಅಲಸಂದಿ ಉಸಳಿ, ಜುಣಕ, ಶೇಂಗಾ ಹಿಂಡಿ, ಬಿಸಿ ರೊಟ್ಟಿ. ಮಕ್ಕಳು ಆ ಎರಡು ದಿನಕ್ಕೇ ಕಾಯತೊಡಗಿದರು. ಸುಗ್ಗಿ ಬಂದಾಗ ನಮ್ಮ ಡಬ್ಬಿಗಳಲ್ಲಿ ಇನ್ನೂ ಬೇಳೆ ಮಿಕ್ಕಿತ್ತು.

ಆ ತೊಗರಿಯ ಕಲ್ಲು ನಮ್ಮ ಅಂಗಳದಲ್ಲಿ ಬಟ್ಟೆ ಒಗೆಯಲು ಉಳಿಯಿತು. ಮೇಲಿನ ಕಾಳು ಉದುರಿ ಗುಳಿ ಬಿದ್ದು, ಕೊಳೆ ತೆಗೆಯಲು ಅದಕ್ಕಿಂತ ಒಳ್ಳೆಯ ಕಲ್ಲು ವಾಡಿಯಲ್ಲೇ ಇರಲಿಲ್ಲ. ಕೂಟವೂ ಉಳಿಯಿತು. ಆದರೆ ಆಮೇಲೆ ತೊಗರಿಗೆ ಬೂದಿ ತಿಕ್ಕುವ ದಿನ ನಾನು ದೂರವೇ ಕೂರುತ್ತಿದ್ದೆ. ಬಾ ಎಂದು ಯಾರೂ ಕರೆಯಲೂ ಇಲ್ಲ.

ನಮ್ಮವರು ತೀರಿಹೋದ ಮರುವರ್ಷ ಶಿವಕಾಂತಮ್ಮನ ಗಂಡನ ರಿಟೈರ್ಮೆಂಟ್ ಆಯಿತು. ಈಗ ಅವಳೂ ಇಲ್ಲ. ಅವಳ ಅಳಿಯ ಮಾತ್ರ ಪ್ರತಿ ಸುಗ್ಗಿಗೆ ತೊಗರಿಯ ಚೀಲ ಕಳಿಸುತ್ತಾನೆ. ಗಂಡನ ಜೊತೆ ಕೊಡ್ಲಿಗೆ ಹೊರಟ ಆ ದಿನ ಅವಳು ಸಾಮಾನು ತುಂಬಿದ ಟೆಂಪೊದಿಂದ ಇಳಿದು ಬಂದು, ಆ ಕಲ್ಲಿನ ಮೇಲೆ ಮತ್ತೊಮ್ಮೆ ಕುಳಿತಳು.

"ಇದನ್ನ ಒಯ್ತೀನಿ ಹಣಮಕ್ಕ."

"ನಾ ಎಲ್ಲಿ ಒಗೀಲಿ?"

"ಇರ್ಲಿ ಬಿಡು. ಹಂಗಾದ್ರ ಒಂದ ಕೆಲಸ ಮಾಡು. ಸುಗ್ಗಿಗಿ ಎರಡು ಚೀಲ ಕಳಸ್ತೀನಿ. ನಿನ್ನ ಮನ್ಯಾಗೇ ಇಳಿಸ್ಕೋ, ಬೂದಿ ನೀನೇ ಹಚ್ಚು. ಬ್ಯಾರೇದೋರ ಕೈಗಿ ಕೊಡಬ್ಯಾಡ."